ಹಗೇವಿನ ಮುದ್ರೆ

ಮಾಘ ಬಹುಳ ಅಮಾವಾಸ್ಯೆ, ಸೋಮವಾರ. ಆಕಾಶದಲ್ಲಿ ಮೋಡದ ಎಳೆಯೂ ಇರಲಿಲ್ಲ. ಬೆಳಗಿನಿಂದಲೇ ಒಣಗಾಳಿ ಬೀಸುತ್ತಿತ್ತು.

ಹೊಳೆದಂಡೆಯ ಆಶ್ರಮದಲ್ಲಿ ಶಿಷ್ಯ ದ್ಯಾಮಣ್ಣ ಹೊತ್ತು ಹುಟ್ಟುವ ಮೊದಲೇ ಎದ್ದು ಒಂದು ಗಡಿಗೆಯ ಮುಂದೆ ಕುಳಿತಿದ್ದ.

ಆ ಗಡಿಗೆಗೆ ತಳವಿರಲಿಲ್ಲ. ತಳದ ಜಾಗದಲ್ಲಿ ಗೇಣು ದಪ್ಪ ಕರಿಮಣ್ಣು ಕೂರಿಸಿದ್ದ. ಮಣ್ಣಿನ ಮೇಲೆ ನೀರು, ನೀರಿನಲ್ಲಿ ಗೆರೆ ಕೊರೆದ ಒಂದು ಕಡ್ಡಿ, ಗಡಿಗೆಯ ಕೆಳಗೆ ಕಂಚಿನ ಬಟ್ಟಲು. ನೀರು ಮಣ್ಣನ್ನು ದಾಟಿ ಬಟ್ಟಲಿಗೆ ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದೇ ಆ ಆಶ್ರಮದ ವಿದ್ಯೆ.

ಕೆರೆಗೆ ಏರಿ ಕಟ್ಟುವವರು, ಕಾಳು ತುಂಬಿಡಲು ನೆಲದೊಳಗೆ ಹಗೇವು ತೋಡುವವರು ಮೊದಲು ಗುರು ಕರಿಬಸಯ್ಯನವರ ಬಳಿಗೆ ಬರುತ್ತಿದ್ದರು. ಅವರ ಮುದ್ರೆ ಬಿದ್ದಿದೆ ಎಂದರೆ ಆ ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ ಎಂದೇ ಊರುಗಳು ನಂಬಿದ್ದವು.

ಈ ಸಲ ಬಂದದ್ದು ದೇಸಾಯರ ಕೆಲಸ. ಊರಿನ ಅರವತ್ತು ಮನೆಗಳ ಜೋಳವನ್ನು ಒಂದೇ ಹಗೇವಿನಲ್ಲಿ ಇಳಿಸುವುದು ಅವರ ಯೋಚನೆ. ಜಾಗವನ್ನೂ ಅವರೇ ಆರಿಸಿದ್ದರು, ತಮ್ಮ ವಾಡೆಯ ಹಿಂದಿನ ಕರಿಮಣ್ಣಿನ ಎರೆಹೊಲ. ಕಣ್ಣಳತೆಯಲ್ಲಿದ್ದರೆ ಕಳ್ಳರ ಭಯವಿಲ್ಲ ಎಂದು.

ಕರಿಬಸಯ್ಯನವರು ದ್ಯಾಮಣ್ಣನಿಗೆ ಹೇಳಿದ್ದರು, ಇದೊಂದನ್ನು ಸರಿಯಾಗಿ ಅಳೆದು ಬಾ, ಮುಂದೆ ಮುದ್ರೆ ನಿನ್ನದು. ಎಂಟು ವರ್ಷ ಅವನು ಕಾದದ್ದು ಆ ಒಂದು ಮಾತಿಗಾಗಿ.

ಗುರುಗಳು ಸ್ನಾನ ಮುಗಿಸಿ ಬಂದರು.

"ಒಂಬತ್ತು ದಿನ ಆತ್ರೀ ಅಜ್ಜಾರ. ಬಟ್ಟಲು ಇನ್ನೂ ಒಣಾ ಐತಿ."

ಕರಿಬಸಯ್ಯನವರು ಬಟ್ಟಲೊಳಗೆ ಬೆರಳಾಡಿಸಿದರು. ಮಣ್ಣು ಎಲ್ಲಿಯದು ಎಂದು ಕೇಳಿದರು. ಹಗೇವಿನ ಜಾಗದ್ದೇ, ಎದೆಮಟ್ಟ ಅಗೆದು ತಂದದ್ದು ಎಂದ ದ್ಯಾಮಣ್ಣ.

"ತಂದು ಏನ್ ಮಾಡಿದಿ?"

ದ್ಯಾಮಣ್ಣ ಹೆಮ್ಮೆಯಿಂದ ಹೇಳಿದ. ಹರಳು ಆರಿಸಿದ್ದ, ಬೇರು ಕಿತ್ತಿದ್ದ, ಜರಡಿ ಹಿಡಿದಿದ್ದ, ಒಂದಿಡೀ ದಿನ ನೆನೆಹಾಕಿದ್ದ, ರೊಟ್ಟಿ ಹಿಟ್ಟಿನಂತೆ ನಾದಿದ್ದ, ಪದರ ಪದರವಾಗಿ ಒನಕೆಯಿಂದ ಬಡಿದು ಕೂರಿಸಿದ್ದ.

"ಹಂಗಾರ ನೀ ಅಳದದ್ದು ನಿನ್ನ ಕೈ."

ದ್ಯಾಮಣ್ಣ ತನ್ನ ಅಂಗೈ ನೋಡಿಕೊಂಡ.

"ಮಣ್ಣ ಇಲ್ಲಿಗೆ ತರಬ್ಯಾಡ. ನೀರ ಅಲ್ಲಿಗೆ ಒಯ್ಯಿ," ಎಂದು ಹೇಳಿ ಗುರುಗಳು ಪೂಜೆಗೆ ಎದ್ದುಹೋದರು.

ದ್ಯಾಮಣ್ಣನ ಮೈ ಉರಿಯಿತು. ಒಂಬತ್ತು ದಿನ ಕಣ್ಣೆವೆ ಮುಚ್ಚದೆ ಕುಳಿತವನಿಗೆ ಸಿಕ್ಕಿದ್ದು ಒಂದು ಒಗಟು. ಅವನ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ಗುರುಗಳಿಗೆ ಹೇಳಿರಲಿಲ್ಲ. ಏಳನೆಯ ದಿನವೇ ದೇಸಾಯರ ಬಳಿಗೆ ಹೋಗಿ, ಮಣ್ಣು ಕಲ್ಲಿನಂಥದು, ಧೈರ್ಯವಾಗಿ ತೋಡಿಸಿರಿ ಎಂದು ಹೇಳಿಬಿಟ್ಟಿದ್ದ. ದೇಸಾಯರು ಹತ್ತು ಜನರ ಮುಂದೆ ಅವನಿಗೆ ಶಾಲು ಹೊದಿಸಿದ್ದರು. ಆಳುಗಳು ಅಂದೇ ಗುದ್ದಲಿ ಹಿಡಿದಿದ್ದರು.

ಉರಿಯುವ ಮೈಗೆ ಕಾರ ಹಚ್ಚಿದಂತೆ ಅದೇ ಹೊತ್ತಿಗೆ ಕಲ್ಲವ್ವ ಬಂದಳು.

ಹೊಳೆಯಾಚೆಯ ಊರಿನ ಮುದುಕಿ. ಪ್ರತಿ ಅಮಾವಾಸ್ಯೆಗೆ ಬುಟ್ಟಿ ಹಿಡಿದು ಬರುತ್ತಿದ್ದಳು. ಆಶ್ರಮದ ಕಣಜದಿಂದ ಆ ಬುಟ್ಟಿ ತುಂಬ ಜೋಳ ಹಾಕಿ ಕಳಿಸಬೇಕೆಂಬುದು ಗುರುಗಳ ಕಟ್ಟಪ್ಪಣೆ. ಕೊಡುವುದಕ್ಕೆ ದ್ಯಾಮಣ್ಣನ ತಕರಾರಿರಲಿಲ್ಲ. ಆದರೆ ಈ ಎಂಟು ವರ್ಷದಲ್ಲಿ ಆಕೆ ಒಮ್ಮೆಯೂ ಗುರುಗಳಿಗೆ ಕೈ ಮುಗಿದದ್ದನ್ನು ಅವನು ಕಂಡಿರಲಿಲ್ಲ. ದೇಸಾಯರಂಥ ದೇಸಾಯರೇ ಚಪ್ಪಲಿ ಬಿಟ್ಟು ಬರುವ ಜಾಗಕ್ಕೆ ಈಕೆ ಸಾಲ ವಸೂಲಿಗೆ ಬಂದವಳಂತೆ ಬಂದು ನಿಲ್ಲುತ್ತಿದ್ದಳು.

"ಅಲುಗಾಡಿಸಿ ಹಾಕೋ ತಮ್ಮಾ," ಎಂದಳು ಅಂದೂ. "ಮ್ಯಾಲ ತುಂಬಿ ಒಳಗ ಪೊಳ್ಳ ಇರಬಾರದು."

ಆಕೆ ಹೋದ ಮೇಲೆ ದ್ಯಾಮಣ್ಣ ತಡೆಯಲಾರದೆ ಗುರುಗಳ ಮುಂದೆ ನಿಂತ.

"ನೀವು ಒಪ್ಪತ್ತು ಉಣ್ತೀರಿ. ಆ ಮುದುಕಿ ಬುಟ್ಟಿ ತುಂಬ ಒಯ್ತಾಳ. ಒಂದು ಸಲಾನೂ ತಲಿ ಬಗ್ಗಿಸೂದಿಲ್ಲ."

"ಅಲುಗಾಡಿಸಿ ಹಾಕಿದಿಯೇನು?" ಎಂದು ಕೇಳಿದರು ಕರಿಬಸಯ್ಯನವರು.

ಅವರು ದಿನಕ್ಕೆ ಒಂದೇ ಹೊತ್ತು ಉಣ್ಣುವುದು ಸುತ್ತಿನ ಊರಿಗೆಲ್ಲ ಗೊತ್ತಿತ್ತು. ಅದು ಅವರ ವ್ರತ ಎಂದು ಜನ ಹೇಳುತ್ತಿದ್ದರು. ದ್ಯಾಮಣ್ಣನೂ ಹಾಗೇ ತಿಳಿದಿದ್ದ.

ಅಂದು ಮಧ್ಯಾಹ್ನ ಗುರುಗಳು ಅವನ ಗಡಿಗೆಯ ನೀರು ಚೆಲ್ಲಿ, ಅದನ್ನು ಅಂಗಳದ ಬಂಡೆಯ ಮೇಲೆ ಬಿಸಿಲಿಗೆ ಇಟ್ಟರು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳುವ ಮನಸ್ಸು ಇರಲಿಲ್ಲ.

ನೀರು ಒಯ್ಯುವ ಮನಸ್ಸೂ ಇರಲಿಲ್ಲ. ಮೂರು ವಾರ ಕಳೆಯಿತು. ದೇಸಾಯರ ಕಾರಭಾರಿ ರಾಘಪ್ಪ ಎರಡು ಸಲ ಬಂದು ಹೋದ. ಹಗೇವು ಸಿದ್ಧವಾಗಿದೆ, ಯುಗಾದಿಯ ದಿನ ಜೋಳ ಇಳಿಸಬೇಕು, ಮುದ್ರೆಯಿಲ್ಲದೆ ಜನ ತಮ್ಮ ಚೀಲ ತರುವುದಿಲ್ಲ ಎಂದು ದುಂಬಾಲು ಬಿದ್ದ. ಗುರುಗಳು ಪ್ರತಿ ಸಲವೂ ದ್ಯಾಮಣ್ಣ ಇನ್ನೂ ಅಳೆದಿಲ್ಲ ಎಂದರು.

"ನಿಮ್ಮ ಅಜ್ಜಾರ ಗಡಗೀಗೆ ತಳಾ ಇಲ್ಲ," ಎಂದ ರಾಘಪ್ಪ ಹೊರಗೆ ಬಂದು. "ಮಾತಿಗೂ ಇಲ್ಲೇನು?"

ಆ ಮಾತಿಗೆ ದ್ಯಾಮಣ್ಣ ಒಳಗೊಳಗೇ ತಲೆದೂಗಿದ. ಗುರುಗಳ ಹಟ ಮುರಿಯಲು ಒಂದೇ ದಾರಿ ಎಂದುಕೊಂಡು, ಅಮಾವಾಸ್ಯೆಗೆ ಎರಡು ದಿನ ಮೊದಲು ಎರೆಹೊಲಕ್ಕೆ ಹೋಗಿ ಮೂರು ಕೊಡ ನೀರು ತರಿಸಿದ.

ಹಗೇವು ಎರಡಾಳು ಆಳ, ಗಡಿಗೆಯ ಹಾಗೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಪಕ್ಕದಲ್ಲಿ ಒಳಗೆ ಹಾಸುವ ಹುಲ್ಲಿನ ಸಿವುಡು ಒಟ್ಟಿದ್ದರು. ಸುತ್ತಲಿನ ನೆಲ ತಿಂಗಳ ಬಿಸಿಲಿಗೆ ಬಾಯಿ ತೆರೆದಿತ್ತು. ಕುರಿಯ ಕಾಲು ಇಳಿಯುವಷ್ಟು ಬಿರುಕು.

ಮೊದಲ ಕೊಡ ಬಗ್ಗಿಸಿದ. ನೆಲ ಕುಡಿಯಿತು. ಎರಡನೆಯದನ್ನೂ ಕುಡಿಯಿತು. ಒಣನೆಲ, ಬಾಯಾರಿದೆ ಎಂದು ತನಗೆ ತಾನೇ ಹೇಳಿಕೊಂಡ. ಮೂರನೆಯ ಕೊಡ ಅರ್ಧವಾಗುವಾಗ ಎಲ್ಲೋ ಹನಿ ತೊಟ್ಟಿಕ್ಕುವ ಸದ್ದು ಕೇಳಿತು. ಮೊಣಕಾಲೂರಿ ಹಗೇವಿನ ಬಾಯಿಗೆ ಕಿವಿ ಕೊಟ್ಟ. ಹನಿ ಎಳೆಯಾಯಿತು. ಎದೆಮಟ್ಟದ ಗೋಡೆಯಿಂದ, ಅವನು ಮಣ್ಣು ಅಗೆದು ಒಯ್ದ ಆಳದಿಂದಲೇ, ನೀರು ಇಳಿಯುತ್ತಿತ್ತು.

ಆಗಲೂ ಅವನಿಗೆ ಬಂದದ್ದು ಸಿಟ್ಟೇ. ಒಂಬತ್ತು ದಿನ ತನ್ನ ಮುಂದೆ ತುಟಿ ಬಿಚ್ಚದೆ ಕುಳಿತಿದ್ದ ಮಣ್ಣು ಇದೇ.

ದೇಸಾಯರು ಸುದ್ದಿ ಕೇಳಿ ಗದರಲಿಲ್ಲ. ನಕ್ಕರು. ಒಳಗೋಡೆಗೆ ಬೆರಳು ದಪ್ಪ ಸಗಣಿಮಣ್ಣು ಸಾರಿಸಿದರೆ ಆಯಿತು ಎಂದರು. ತಿಂಗಳು ಆಳು ದುಡಿದಿದ್ದಾರೆ, ನಿನ್ನ ಮಾತು ನಂಬಿಯೇ ದುಡಿದಿದ್ದಾರೆ, ಈಗ ಹಿಂದೆ ಸರಿದರೆ ಜನ ನಗುವುದು ನನ್ನನ್ನು ನೋಡಿ ಅಲ್ಲ ಎಂದರು. ಮುದ್ರೆ ತರಲು ರಾಘಪ್ಪನನ್ನು ಜೊತೆಗೆ ಕಳಿಸಿದರು.

ಫಾಲ್ಗುಣದ ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಆಶ್ರಮ ಮುಟ್ಟಿದರು. ರಾಘಪ್ಪ ಕಾಗದ, ಮಸಿ ಹಿಡಿದು ಬೇವಿನ ಕೆಳಗೆ ಕುಳಿತ. ದ್ಯಾಮಣ್ಣ ದೇಸಾಯರ ಶಾಲನ್ನು ಹೆಗಲಿಗೆ ಹಾಕಿಕೊಂಡೇ ಒಳಗೆ ಹೋಗಿ ಎಲ್ಲವನ್ನೂ ಹೇಳಿದ. ಶಾಲಿನ ಸಂಗತಿಯನ್ನೂ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು.

"ಒಂದು ಬಿರುಕಿಗೆ ಎಂಟು ವರ್ಷ ನೀರಾಗ ಹೋಗಬೇಕೇನ್ರಿ? ಸಾರಿಸಿದರ ಮುಚ್ಚತೈತಿ. ಮಳಿ ಬಿದ್ದರ ಎರಿ ತಾನ ಉಬ್ಬಿ ಕೂಡತೈತಿ. ನಿಮಗೂ ಗೊತ್ತೈತಿ ಅದು."

ಕರಿಬಸಯ್ಯನವರು ಅಂಗಳಕ್ಕೆ ಹೋಗಿ ಬಂಡೆಯ ಮೇಲಿದ್ದ ಗಡಿಗೆ ತಂದರು. ಅದೇ ಗಡಿಗೆ, ಅದೇ ಮಣ್ಣು. ಅದರ ಮೇಲೆ ಯಾರೋ ನುಣ್ಣಗೆ ಸಗಣಿಮಣ್ಣು ಸಾರಿಸಿದ್ದರು. ಬೆರಳು ದಪ್ಪ. ಸಾರಣೆಯ ನಡುವೆ ಅಂಚಿನಿಂದ ಅಂಚಿಗೆ ಒಂದು ಗೆರೆ ಸೀಳಿತ್ತು.

"ಎಲ್ಲಾರೂ ಸಾರಿಸ್ತಾರ," ಎಂದರು. "ಅದಕ್ಕ ನಾನೂ ಸಾರಿಸಿದೆ."

ಕೆಳಗೆ ಕಂಚಿನ ಬಟ್ಟಲಿಟ್ಟು ಒಂದು ತಂಬಿಗೆ ನೀರು ಸುರಿದರು. ತಂಬಿಗೆ ಬರಿದಾಗುವ ಮೊದಲೇ ಬಟ್ಟಲು ಸದ್ದು ಮಾಡಿತು.

"ಉಬ್ಬಿ ಕೂಡತೈತಿ, ಖರೆ. ಕೂಡೂದರೊಳಗ ಮೊದಲ ಮಳಿ ಒಳಗ ಇಳದಿರತೈತಿ."

ದ್ಯಾಮಣ್ಣ ಬಟ್ಟಲನ್ನೇ ನೋಡುತ್ತ ನಿಂತ. ಮುಖ ಕೆಂಪಾಗಿತ್ತು.

"ಮೊದಲ ಗೊತ್ತಿತ್ತು ನಿಮಗ. ಹೇಳಿದ್ದರ ನಾ ಯಾಕ ಹಿಂಗ ಬಯಲಿಗೆ ಬೀಳತಿದ್ದೆ?"

"ನನಗ ನಮ್ಮ ಗುರು ಬಾಯಿ ಬಿಟ್ಟು ಹೇಳಿದ್ದರು," ಎಂದರು ಕರಿಬಸಯ್ಯನವರು. "ನಾ ಕೇಳಲಿಲ್ಲ."

ಆಮೇಲೆ ಸೊಂಟದ ಚೀಲದಿಂದ ಮುದ್ರೆ ತೆಗೆದು ಅವನ ಅಂಗೈಯಲ್ಲಿಟ್ಟರು.

"ನಿನ್ನದು. ಒತ್ತೂದು, ಬಿಡೂದು ನಿನಗ ಬಿಟ್ಟದ್ದು."

ತಾಮ್ರದ ಚಿಕ್ಕ ಮುದ್ರೆ. ದ್ಯಾಮಣ್ಣ ಎಣಿಸಿದ್ದಕ್ಕಿಂತ ಭಾರವಾಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದ. ರಾಘಪ್ಪ ನಗುತ್ತ ಕಾಗದ ಬಿಚ್ಚಿದ. ಕಲ್ಲವ್ವ ಆಗಲೇ ಬಂದು ಕಣಜದ ಬಾಗಿಲಲ್ಲಿ ಬುಟ್ಟಿಯ ಪಕ್ಕ ಕುಳಿತಿದ್ದಳು.

ಎಲ್ಲಿಯ ಹಗೇವು ಎಂದು ಆಕೆ ಕೇಳಿದಳು. ದೇಸಾಯರ ಎರೆಹೊಲದ್ದು ಎಂದ ರಾಘಪ್ಪ.

ಮುದುಕಿ ದ್ಯಾಮಣ್ಣನ ಕಡೆ ತಿರುಗಿದಳು. "ಮಣ್ಣ ಹಸಿ ಇದ್ದಾಗ ನೋಡಿದಿಯೋ, ಒಣಗಿದಾಗ ನೋಡಿದಿಯೋ?"

ನಿನಗೇನು ತಿಳಿಯುತ್ತದೆ, ಬಂದ ಕೆಲಸ ನೋಡಿಕೊ ಎಂಬ ಮಾತು ದ್ಯಾಮಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು. ಎಂಟು ವರ್ಷ ಕಲಿತ ತನಗೆ ಹೊಳೆಯದಿದ್ದ ಪ್ರಶ್ನೆ ಅದು. ಆಕೆಯ ಕಣ್ಣು ಅವನ ಮುಷ್ಟಿಯ ಮೇಲಿತ್ತು.

ಅವನು ಮುದ್ರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೆಗಲ ಮೇಲಿನ ಶಾಲು ತೆಗೆದು ಮಡಿಸಿ, ರಾಘಪ್ಪನ ಕಾಗದದ ಮೇಲಿಟ್ಟ.

"ಆ ನೆಲಾ ನೀರು ಬಿಡತೈತಿ, ಕಾರಭಾರ್ರ. ತಪ್ಪು ನಂದು."

"ಶಾಲೇನೋ ಕೊಟ್ಟಿ," ಎಂದ ರಾಘಪ್ಪ. "ತೋಡಿದ ಆಳಿಗೆ ಏನ್ ಕೊಡ್ತಿ? ನಾಳೆ ಚೀಲ ಹೊತ್ತು ಬರೋ ಅರವತ್ತು ಮನಿಗೆ ಏನ್ ಹೇಳ್ತಿ?"

ನಾಳೆ ತಾನೇ ಬಂದು ಪ್ರತಿ ಮನೆಯ ಮುಂದೆ ನಿಂತು ಹೇಳುತ್ತೇನೆ, ದಿನ್ನೆಯ ಮೇಲಿನ ಗಟ್ಟಿ ನೆಲವನ್ನು ಅಲ್ಲೇ ನೀರು ಹಾಕಿ ನೋಡುತ್ತೇನೆ, ತಾಳಿದರೆ ಆಳುಗಳ ಜೊತೆ ನಾನೂ ಗುದ್ದಲಿ ಹಿಡಿಯುತ್ತೇನೆ ಎಂದ ದ್ಯಾಮಣ್ಣ. ಗುರುವಿನಂಥ ಶಿಷ್ಯ, ಇಬ್ಬರಿಗೂ ಬುದ್ಧಿ ಇಲ್ಲ ಎಂದು ಗೊಣಗುತ್ತ ರಾಘಪ್ಪ ಶಾಲು ಬಗಲಿಗಿಟ್ಟುಕೊಂಡು ನಡೆದ.

ದ್ಯಾಮಣ್ಣ ಕಣಜದಿಂದ ಜೋಳ ತಂದ. ಅರ್ಧ ಹಾಕಿ ಬುಟ್ಟಿಯನ್ನು ಅಲುಗಾಡಿಸಿದ. ತುಂಬಿದ ಮೇಲೆ ಇನ್ನೊಮ್ಮೆ ಅಲುಗಾಡಿಸಿ ಮತ್ತೆರಡು ಬೊಗಸೆ ಹಾಕಿದ. ಮುದುಕಿ ಈ ಸಲ ಏನೂ ಹೇಳಲಿಲ್ಲ. ಅವನೇ ಬುಟ್ಟಿ ಎತ್ತಿ ತಲೆಯ ಮೇಲಿಟ್ಟ. ಗುರುಗಳು ಬಾಗಿಲಿಗೆ ಬಂದು ನಿಂತಿದ್ದರು. ಆಕೆ ಅವರನ್ನು ದಾಟಿ ಹೋದಳು, ಎಂದಿನಂತೆ, ಕೈ ಮುಗಿಯದೆ.

ಆಕೆ ಹೊಳೆಯ ಕಲ್ಲುಗಳನ್ನು ಒಂದೊಂದಾಗಿ ದಾಟಿ ಆಚೆ ದಂಡೆ ಹತ್ತುವವರೆಗೆ ಕರಿಬಸಯ್ಯನವರು ನಿಂತೇ ಇದ್ದರು.

"ಅಕಿಗೆ ಹೆಂಗ ಗೊತ್ತಾತ್ರಿ, ಹಸಿ, ಒಣಾ ಅನ್ನೋದು?" ಎಂದು ಕೇಳಿದ ದ್ಯಾಮಣ್ಣ.

"ಅಕಿ ಊರಾಗ ಒಂದು ಹಗೇವು ಇತ್ತು. ಎರಿ ನೆಲಾ. ನಾ ಹಸಿ ಮಣ್ಣ ಅಳದು ಮುದ್ರಿ ಒತ್ತಿದ್ದೆ. ನನಗೂ ಆಗ ನಿನ್ನಷ್ಟ ವಯಸ್ಸು." ಆಚೆ ದಂಡೆಯ ಕಡೆ ಕೈ ತೋರಿಸಿದರು. "ಮರುವರ್ಷ ಬೆಳಿ ಕೈಗೆ ಬರಲಿಲ್ಲ. ಊರು ಹಗೇವು ತೆರೀತು. ಜೋಳ ಕರ್ರಗಾಗಿ ಕೊಳೆತಿತ್ತು."

ದ್ಯಾಮಣ್ಣನಿಗೆ ಎಲ್ಲ ಒಮ್ಮೆಗೇ ಕಂಡಿತು. ಆ ಒಪ್ಪತ್ತಿನ ಊಟ, ಆ ಬುಟ್ಟಿ, ಉಣ್ಣದೆ ಉಳಿಸಿದ ಇನ್ನೊಂದು ಹೊತ್ತಿನ ಜೋಳ. ಎಷ್ಟು ವರ್ಷವಾಯಿತು ಎಂದು ಕೇಳಿದ. ಮೂವತ್ತೊಂದು ಎಂದರು. ಅವನ ಕಣ್ಣು ತುಂಬಿ ಬಂತು. ಬಗ್ಗಿ ಅವರ ಕಾಲಿಗೆ ಕೈ ಚಾಚಿದ.

"ಮೂವತ್ತೊಂದು ವರ್ಷ ಹೊಟ್ಟಿ ಕಟ್ಟಿ ತೀರಿಸಿದಿರಿ, ಅಜ್ಜಾರ."

ಕರಿಬಸಯ್ಯನವರು ಕಾಲು ಹಿಂದಕ್ಕೆಳೆದುಕೊಂಡರು. ಎಂಟು ವರ್ಷದಲ್ಲಿ ಮೊದಲ ಸಲ ಅವರ ದನಿಯಲ್ಲಿ ಸಿಟ್ಟಿತ್ತು.

"ತೀರಿಸಿದಾಕಿ ಅಕಿ. ಆ ವರ್ಷದ ಹಸಿವಿಗೆ ಎರಡು ಕೂಸು ಕೊಟ್ಟಾಳ. ನಾ ಕೊಡೂದು ಬರೇ ಜೋಳ."