ಮುರಿಕೋಡಿಗೆ ಆ ಹೆಸರು ಬಂದದ್ದು

ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿ, ಜಾಲಿಯ ಕುರುಚಲು ದಾಟಿ ಬರುವವರಿಗೆ ಮೊದಲು ಕಾಣುವುದು ಕೆರೆಯ ಏರಿ. ಊರು ಆಮೇಲೆ ಕಾಣುತ್ತದೆ, ಏಕೆಂದರೆ ಊರು ಇರುವುದು ಏರಿಯ ಕೆಳಗೆ. ಏರಿಯ ಉತ್ತರದ ತುದಿಯಲ್ಲಿ, ಹೆಬ್ಬಂಡೆಗೆ ಆತುಕೊಂಡಂತೆ, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಕೋಡಿ ಇದೆ. ಅದರ ಎರಡು ಪಕ್ಕೆಗಳಲ್ಲಿ ಆಳೆತ್ತರಕ್ಕೆ ಬಿಳಿಯ ಕಲ್ಲಿನ ಕಟ್ಟಡ ಇನ್ನೂ ನಿಂತಿದೆ. ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಚಾಕುವಿನ ಮೊನೆ ತೂರಿಸಲು ಆಗುವುದಿಲ್ಲ. ನಡುಭಾಗ ಮಾತ್ರ ಸೊಂಟದ ಮಟ್ಟಕ್ಕೆ ಮುರಿದಿದೆ. ಎಷ್ಟು ಮಳೆ ಬಂದರೂ ನೀರು ಆ ಮಟ್ಟಕ್ಕೆ ಏರುತ್ತಲೇ ಹರಿದುಹೋಗುತ್ತದೆ, ಕೆರೆ ಎಂದೂ ಪೂರ್ತಿ ತುಂಬುವುದಿಲ್ಲ. ನೋಡಲು ಬಂದವರು ಶತ್ರುಗಳು ಒಡೆದಿರಬೇಕು ಎನ್ನುತ್ತಾರೆ, ಯಾವುದೋ ಮಹಾಪೂರ ಕೊಚ್ಚಿಕೊಂಡು ಹೋಗಿರಬೇಕು ಎನ್ನುತ್ತಾರೆ. ಆದರೆ ಬಗ್ಗಿ ನೋಡಿದರೆ ಮುರಿದ ಅಂಚಿನಲ್ಲಿ ಉಳಿಯ ಗುರುತುಗಳು ಸಾಲಾಗಿ ಕಾಣುತ್ತವೆ. ನೀರಿಗೆ ಉಳಿ ಹಿಡಿಯಲು ಬರುವುದಿಲ್ಲ. ಶತ್ರುವಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಚಿಕ್ಕದೊಂದು ಪಾಳೆಯಪಟ್ಟು ಆಳುತ್ತಿತ್ತು. ನಾಯಕ ಯುದ್ಧದಲ್ಲಿ ತೀರಿಹೋದ ಮೇಲೆ ಅವನ ಹೆಂಡತಿ ಕೆಂಚವ್ವ ನಾಗತಿ ಅಧಿಕಾರ ಹಿಡಿದಳು. ಆಗ ಊರಿಗೆ ಬೇರೆ ಹೆಸರಿತ್ತು, ಅದನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ. ಕೆಂಚವ್ವ ಮೈಗಳ್ಳಿಯಲ್ಲ, ಕ್ರೂರಿಯೂ ಅಲ್ಲ. ಗಂಡನ ಕಾಲದಲ್ಲಿ ಕತ್ತಿಗೆ ಹೋಗುತ್ತಿದ್ದ ಕಬ್ಬಿಣ ಅವಳ ಕಾಲದಲ್ಲಿ ಗುದ್ದಲಿಗೆ ಹೋಯಿತು ಎನ್ನುತ್ತಾರೆ. ಹಳೆಯ ಕೋಡಿ ಕಾಡುಗಲ್ಲು ಪೇರಿಸಿದ್ದು, ಗಿಡ್ಡದು. ಅದನ್ನು ಕಿತ್ತುಹಾಕಿಸಿ, ಒಡ್ಡರ ಎಲ್ಲಪ್ಪನೆಂಬ ಕಲ್ಲುಕುಟಿಗನನ್ನು ಕರೆಸಿ, ಈ ಬಿಳಿಯ ಕೋಡಿಯನ್ನು ಎತ್ತರಿಸಿ ಕಟ್ಟಿಸಿದವಳು ಅವಳೇ. ಕೋಡಿ ಎತ್ತರವಾದ ಹಾಗೆ ಕೆರೆ ಹಿಗ್ಗಿತು. ಹುಲ್ಲು ಬೆಳೆಯದಿದ್ದ ಮೇಲಿನ ಬಯಲಿನಲ್ಲಿ ಭತ್ತ ಬೆಳೆಯಿತು. ದಿನವೂ ಬೆಳಿಗ್ಗೆ ಕೋಡಿಯವರೆಗೆ ನಡೆದುಹೋಗಿ ಆ ಕಲ್ಲಿನ ಮೇಲೆ ಅಂಗೈಯಿಟ್ಟು ಬರುವುದು ಅವಳಿಗೆ ಪೂಜೆಯಷ್ಟೇ ಮುಖ್ಯವಾಯಿತು.

ಆ ಬೆಳಗಿನ ನಡಿಗೆಯಲ್ಲಿ ಅವಳಿಗೆ ಅಸಹ್ಯವಾಗುತ್ತಿದ್ದ ಸಂಗತಿ ಒಂದೇ. ಕೆರೆಯಲ್ಲಿ ನೀರುನಾಯಿಗಳ ಹಿಂಡು ಇತ್ತು. ಅವು ರಾತ್ರಿ ಕೋಡಿಯ ಮೇಲೆ ಹತ್ತಿ ಹಿಕ್ಕೆ ಹಾಕಿ ಹೋಗುತ್ತಿದ್ದವು. ಬಿಳಿಯ ಕಲ್ಲಿನ ಮೇಲೆ ಕೆಂಪು ಚೂರುಗಳು ಬೆರೆತ, ನಾರುವ ಗುಡ್ಡೆಗಳು. ಅವಳು ಮೂಗಿಗೆ ಸೆರಗು ಹಿಡಿದು ಆಳುಗಳಿಂದ ತೊಳೆಸುತ್ತಿದ್ದಳು. ಆ ಕೆಂಪು ಚೂರುಗಳು ಏನೆಂದು ಕೇಳಬೇಕೆಂದು ಅವಳಿಗೆ ಎಂದೂ ಅನ್ನಿಸಲಿಲ್ಲ.

ಹೀಗಿರುವಾಗ ಏರಿಯ ಕೆಳಗಿನ ಬೆಸ್ತರ ಕೇರಿಯವರು ಹರಿದ ಬಲೆಗಳನ್ನು ಹೊತ್ತುಕೊಂಡು ಅರಮನೆಯ ಅಂಗಳಕ್ಕೆ ಬಂದರು. ಅವರ ಮುಂದಾಳು ತುಂಗಜ್ಜಿ, ನಾಗತಿಗಿಂತ ಹಿರಿಯಳು, ಮಾತಿಗೆ ಅಂಜುವವಳಲ್ಲ.

"ನೋಡವ್ವ, ಇದು ಬಲೆಯೋ ಜರಡಿಯೋ ನೀನೇ ಹೇಳು," ಎಂದು ಬಲೆಯನ್ನು ನಾಗತಿಯ ಕಾಲ ಬಳಿ ಹರವಿದಳು. "ನಾವು ಮೀನು ಹಿಡಿಯೋದು, ನಿನ್ನ ನೀರುನಾಯಿ ಅದನ್ನ ತಿನ್ನೋದು. ಹಂಗಾದ್ರೆ ನಾಳೆಯಿಂದ ಕಂದಾಯಾನೂ ಅದರ ಹತ್ರವೇ ಇಸ್ಕೋ."

ಅಂಗಳದಲ್ಲಿದ್ದವರು ನಕ್ಕರು. ನಾಗತಿಯೂ ನಕ್ಕಳು. ಆದರೆ ಕೋಡಿಯ ಮೇಲಿನ ಹೊಲಸು ಅವಳ ಕಣ್ಣ ಮುಂದೆ ಬಂತು. ಬಡವರ ಬಲೆಯೂ ಉಳಿಯುತ್ತದೆ, ತನ್ನ ಕಲ್ಲೂ ಬೆಳ್ಳಗಿರುತ್ತದೆ ಎಂದು ಅವಳಿಗೆ ತೋಚಿತು. ಬಹುಮಾನವಿಲ್ಲದೆ ಬೇಟೆ ಸಾಗದು. ಕಣಜವನ್ನು ಖಾಲಿ ಮಾಡುವುದು ಅವಳಿಗೆ ಇಷ್ಟವಿರಲಿಲ್ಲ. ಕರಣಿಕ ನರಹರಿಯೊಡನೆ ಕೂತು ಯೋಚಿಸಿ, ಯಾರಿಗೂ ಹೊರೆಯಾಗದ ಒಂದು ದಾರಿ ಕಂಡುಕೊಂಡಳು. ನೀರುನಾಯಿಯ ಒಂದು ಬಾಲ ತಂದೊಪ್ಪಿಸಿದ ಮನೆಗೆ ಒಂದು ವರ್ಷ ಏರಿ ತುಳಿತದಿಂದ ಬಿಡುಗಡೆ.

ಏರಿ ತುಳಿತವೆಂದರೆ ಏನೆಂದು ಇಲ್ಲಿ ಹೇಳಬೇಕು. ಮುಂಗಾರಿಗೆ ಮೊದಲು ಮನೆಗೊಬ್ಬರಂತೆ ಇಡೀ ಊರು ಏರಿಯ ಮೇಲೆ ಸೇರುವುದು ಈ ಸೀಮೆಯ ಹಳೆಯ ಕಟ್ಟಳೆ. ತಲೆಗೊಂದು ಪುಟ್ಟಿ ಕೆಂಜೇಡಿ ಮಣ್ಣು ತಂದು, ನೀರು ಚಿಮುಕಿಸಿ, ಬರಿಗಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತು ತುಳಿಯುತ್ತಾರೆ. ಬಿಸಿಲಲ್ಲಿ ಸೊಂಟ ಮುರಿಯುವ ಕೆಲಸ ಅದು. ಏರಿಯೊಳಗಿನ ಬಿಲಗಳು ಕಣ್ಣಿಗೆ ತಪ್ಪಿಸಿಕೊಂಡರೂ ಹಿಮ್ಮಡಿಗೆ ತಪ್ಪಿಸಿಕೊಳ್ಳುವುದಿಲ್ಲ. ಪೊಳ್ಳಾದ ಜಾಗದಲ್ಲಿ ಕಾಲು ಕುಸಿಯುತ್ತದೆ, ಅಲ್ಲಿಗೆ ಇನ್ನೊಂದು ಪುಟ್ಟಿ ಬೀಳುತ್ತದೆ. ಈ ದುಡಿತದಿಂದ ಪಾರಾಗಲು ಜನ ಏನು ಬೇಕಾದರೂ ಕೊಡುತ್ತಿದ್ದರು. ನಾಗತಿ ಅದನ್ನೇ ಕೊಟ್ಟಳು.

ಅಪ್ಪಣೆ ಡಂಗುರವಾದ ವರ್ಷವೇ ಬಾಲಗಳು ಬಂದವು. ಬಲೆಗಳು ತುಂಬಿದವು, ಕೋಡಿ ಬೆಳ್ಳಗಾಯಿತು, ನಾಗತಿಯ ಹೆಸರು ಹಳ್ಳಿ ಹಳ್ಳಿಗೆ ಹಬ್ಬಿತು. ಬುದ್ಧಿವಂತರು ಹೊಳೆಯ ಸೀಮೆಗೆ ಹೋಗಿ ಅಲ್ಲಿಂದಲೂ ಬಾಲ ತಂದರು. ಯಾರೋ ಮುಂಗುಸಿಯ ಬಾಲಕ್ಕೆ ಎಣ್ಣೆ ಹಚ್ಚಿ ತಂದು ಒಪ್ಪಿಸಲು ನೋಡಿದರು, ನರಹರಿ ಮೂಸಿ ನೋಡಿ ಹಿಂದಕ್ಕೆ ಎಸೆದ. ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಎಷ್ಟು ಬಾಲ ಕೂಡಿಟ್ಟಿದ್ದಾರೆಂದು ವಿಚಾರಿಸುವ ಕಾಲ ಬಂತು. ಬಾಲವಿರುವ ಮನೆಯ ಸೊಸೆ ಬಿಸಿಲಲ್ಲಿ ಮಣ್ಣು ಹೊರಬೇಕಾಗಿಲ್ಲವಲ್ಲ. ತುಂಗಜ್ಜಿಯ ಮೊಮ್ಮಗಳ ಮದುವೆಯಲ್ಲಿ ಬೀಗರು ಚಪ್ಪರದ ಕಂಬಕ್ಕೆ ಬಾಲಗಳನ್ನು ತೋರಣದ ಹಾಗೆ ಕಟ್ಟಿದ್ದರಂತೆ. ವರ್ಷ ವರ್ಷಕ್ಕೂ ಏರಿಯ ಮೇಲೆ ಸೇರುವ ಜನ ಕರಗುತ್ತಾ ಹೋದರು. ಹೆಗಲಿಗೆ ಹೆಗಲು ತಾಗುತ್ತಿದ್ದಲ್ಲಿ ಈಗ ಕೂಗಿದರೂ ಪಕ್ಕದವರಿಗೆ ಕೇಳಿಸದಷ್ಟು ದೂರ. ಬಂದವರು ತಮ್ಮ ದುರದೃಷ್ಟವನ್ನು ಬೈದುಕೊಳ್ಳುತ್ತಾ, ತಂದ ಮಣ್ಣನ್ನು ಸುರಿದು, ಕಾಲಿಗೆ ಹತ್ತಿದ್ದನ್ನು ತೊಳೆದುಕೊಂಡು ಹೋದರು.

ಅದೇ ವರ್ಷಗಳಲ್ಲಿ ಏಡಿಗಳು ಹೆಚ್ಚಿದವು. ಮೊದಮೊದಲು ಇದೂ ನಾಗತಿಯ ಪುಣ್ಯವೆಂದೇ ಜನ ತಿಳಿದರು. ಕೇರಿಯ ಒಲೆಗಳ ಮೇಲೆಲ್ಲ ಏಡಿಯ ಸಾರು. ಹೆಂಗಸರು ಸಂಜೆ ಏರಿಯ ಬುಡದಲ್ಲಿ ಕೂತು ಬುಟ್ಟಿ ತುಂಬ ಆಯ್ದುಕೊಳ್ಳುತ್ತಿದ್ದರು. ತಿಂದಷ್ಟೂ ಹೆಚ್ಚಿದವು. ತಿಂದು ಬೇಸರವಾದ ಮೇಲೂ ಹೆಚ್ಚಿದವು.

ಒಂದು ವರ್ಷ ಹಿಂಗಾರು ಬಿಡದೆ ಸುರಿಯಿತು. ಹೊಸ ಕೋಡಿ ಕಟ್ಟಿದ ಮೇಲೆ ಕೆರೆ ಮೊದಲ ಸಲ ಅದರ ನೆತ್ತಿಯವರೆಗೆ ಬಂತು. ಅದನ್ನು ಕಣ್ತುಂಬ ನೋಡಲು ನಾಗತಿ ಬೆಳಿಗ್ಗೆಯೇ ಮಳೆಗೆ ಗೊರಗ ಹೊದ್ದು ಏರಿಯ ಮೇಲೆ ನಡೆದಳು. ಏರಿಯ ನಡುವೆ ಅವಳ ಕಾಲು ಮೊಣಕಾಲಿನವರೆಗೆ ಮಣ್ಣಿನೊಳಗೆ ಇಳಿಯಿತು. ಹಿಂದಿದ್ದ ಆಳುಗಳು ಎತ್ತಿದರು. ಕುಸಿದ ಗುಂಡಿಯೊಳಗೆ ಬಿಲದ ಮೇಲೆ ಬಿಲ, ಜೇನುಹುಟ್ಟಿನ ಹಾಗೆ. ಕೊಂಡಿಯೆತ್ತಿದ ಏಡಿಗಳು ಒಂದರ ಮೇಲೊಂದು ಹತ್ತಿ ಬೆಳಕಿನಿಂದ ಓಡಿದವು. ಅವಳು ಏರಿಯ ಹಿಂಬದಿಗೆ ಬಗ್ಗಿ ನೋಡಿದಳು. ಅಲ್ಲಲ್ಲಿ ನೀರು ಬೆವರಿನ ಹಾಗೆ ಒಸರುತ್ತಿತ್ತು. ಒಂದು ಕಡೆ ಒಸರು ಧಾರೆಯಾಗಿತ್ತು, ಧಾರೆಯ ಬಣ್ಣ ಕೆಂಪು. ಏರಿಯ ಮಣ್ಣೇ ಕರಗಿ ಬರುತ್ತಿತ್ತು. ಅದರ ನೇರ ಕೆಳಗೆ ಬೆಸ್ತರ ಕೇರಿ, ಸೂರುಗಳಿಂದ ಒಲೆಯ ಹೊಗೆ ಏಳುತ್ತಿತ್ತು.

ಊರಿಗೆ ಊರೇ ಬಂತು. ಬಾಲದ ಮನೆಯವರು, ಬಾಲವಿಲ್ಲದವರು ಎಲ್ಲರೂ ಹುಲ್ಲಿನ ಕಂತೆ, ಮಣ್ಣು, ಹಾಸಿಗೆಯ ಕೌದಿಗಳನ್ನು ತಂದು ತುರುಕಿದರು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ತೆರೆಯಿತು. ಕೆಳಗಿನ ಕೇರಿಯನ್ನು ಖಾಲಿ ಮಾಡಿಸಲು ನಾಗತಿ ಆಳು ಕಳಿಸಿದಳು. ಆದರೆ ಕೇರಿಯಿಂದ ಮೇಲಕ್ಕೆ ಬರುವ ದಾರಿ ಹಳ್ಳ ದಾಟಿ ಬರಬೇಕು, ಹಳ್ಳ ಆಗಲೇ ಎದೆಮಟ್ಟ ಏರಿತ್ತು. ಗಟ್ಟಿಮುಟ್ಟಾದವರು ಈಜಿ ಬಂದರು. ಮುದುಕರು, ಕೂಸುಗಳು, ಬಾಣಂತಿಯರು ಅಲ್ಲೇ ಉಳಿದರು. ಉಳಿದವರಲ್ಲಿ ತುಂಗಜ್ಜಿಯ ಮೊಮ್ಮಗಳು, ಅವಳ ಹಸುಗೂಸು ಇದ್ದರು. ತುಂಗಜ್ಜಿ ಮಾತ್ರ ಏರಿಯ ಮೇಲೆ ಮಣ್ಣು ಹೊರುತ್ತಿದ್ದಳು.

"ನೀರು ಇಳಿಸಬೇಕು," ಎಂದಳು ನಾಗತಿ.

"ತೂಬು ತೆಗೆದಾಗಿದೆ ತಾಯಿ," ಎಂದ ನರಹರಿ. "ಒಳಗೆ ಬರೋ ನೀರಿನ ಕಾಲು ಭಾಗವೂ ಅದರಿಂದ ಹೋಗ್ತಿಲ್ಲ."

ನಾಗತಿ ಕೋಡಿಯ ಕಡೆಗೆ ನಡೆದಳು. ಜನ ದಾರಿ ಬಿಟ್ಟರು. ಬಿಳಿಯ ಕಲ್ಲಿನ ಪಕ್ಕದ ಹೆಬ್ಬಂಡೆಯಲ್ಲಿ ಒಂದು ಗೂಡಿತ್ತು, ಮಳೆಯೂ ಆಳುಗಳ ಪೊರಕೆಯೂ ತಲುಪದ ಜಾಗ. ಅಲ್ಲಿ ಎಂದೋ ಒಣಗಿದ ನೀರುನಾಯಿಯ ಹಿಕ್ಕೆ ಹಾಗೇ ಉಳಿದಿತ್ತು. ಅವಳು ಬಗ್ಗಿ ಅದನ್ನು ಬೆರಳಲ್ಲಿ ಪುಡಿ ಮಾಡಿದಳು. ಅಂಗೈ ತುಂಬ ಕೆಂಪು ಚೂರುಗಳು ಉಳಿದವು, ಏಡಿಯ ಚಿಪ್ಪು, ಏಡಿಯ ಕೊಂಡಿ. ಅಷ್ಟು ವರ್ಷ ತಾನು ಮೂಗು ಮುಚ್ಚಿ ತೊಳೆಸಿದ್ದು ಏನನ್ನೆಂದು ಅವಳಿಗೆ ಆಗ ತಿಳಿಯಿತು. ಬಾಲ ಕತ್ತರಿಸಿದ್ದೂ ತನ್ನ ಮಾತು, ಏರಿ ತುಳಿಯುವ ಕಾಲು ತಡೆದದ್ದೂ ತನ್ನ ಮಾತು. ಎರಡೂ ಒಂದೇ ಡಂಗುರದಲ್ಲಿ ಹೋಗಿದ್ದವು.

ಅವಳ ಹಿಂದೆ ಬಂದಿದ್ದ ತುಂಗಜ್ಜಿಗೆ ನಾಗತಿ ಅಂಗೈ ತೋರಿಸಿದಳು. ಮುದುಕಿ ಒಂದು ಚೂರನ್ನು ಎತ್ತಿ ನೋಡಿದಳು.

"ನಾನು ಕೇಳ್ದೆ, ನೀನು ಕೊಟ್ಟೆ," ಎಂದಳು. "ಏರೀನ ಇಬ್ಬರೂ ಕೇಳ್ಲಿಲ್ಲ ಕಣವ್ವ."

ನಾಗತಿ ಎಲ್ಲಪ್ಪನನ್ನು ಕರೆಸಿ ಕೋಡಿ ಒಡೆಯಲು ಹೇಳಿದಳು. ಎಲ್ಲಪ್ಪ ಕೈ ಕಟ್ಟಿ ನಿಂತ.

"ಅವ್ವಾರೆ, ಈ ಕೋಡಿ ಹೋದ್ರೆ ಅರ್ಧ ಕೆರೆ ಹೋದಂಗೆ. ಮೇಲಿನ ಬಯಲಿಗೆ ಇನ್ನು ನೀರು ಹತ್ತಾಕಿಲ್ಲ. ನಿಮ್ಮ ಹೆಸರಿನ ಗದ್ದೆ ಎಲ್ಲಾ ಬೆದ್ದಲಾಗ್ತದೆ."

"ಗೊತ್ತು."

"ಕಟ್ಟಿದ ಕೈಲಿ ಒಡೆಯೋದು ನನ್ನಿಂದ ಆಗಾಕಿಲ್ಲ."

"ಕಟ್ಟಿಸಿದವಳು ನಾನು. ಉಳಿ ಇತ್ತ ಕೊಡು," ಎಂದು ನಾಗತಿ ಸೆರಗು ಬಿಗಿದು ಕಟ್ಟಿ ಮೊದಲ ಏಟು ತಾನೇ ಹಾಕಿದಳು. ಏಟು ಜಾರಿ ಅವಳ ಹೆಬ್ಬೆರಳು ಜಜ್ಜಿತು. ರಕ್ತ ಬಿಳಿಯ ಕಲ್ಲಿನ ಮೇಲೆ ಇಳಿಯಿತು. ಅವಳು ಎರಡನೆಯ ಏಟಿಗೆ ಕೈ ಎತ್ತಿದಾಗ ಎಲ್ಲಪ್ಪ ಮುಖ ತಿರುಗಿಸಿಕೊಂಡೇ ಉಳಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಎಲ್ಲಿ ಹೊಡೆದರೆ ಕಟ್ಟಡ ಒಮ್ಮೆಲೇ ಹೋಗದೆ ವರಸೆ ವರಸೆಯಾಗಿ ಇಳಿಯುತ್ತದೆಂದು ಅವನಿಗೆ ಮಾತ್ರ ತಿಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಗುಡುಗಿನ ಸದ್ದಿನಲ್ಲಿ ಉತ್ತರದ ಕಡೆಗೆ ಧುಮುಕಿತು. ಆ ಕಡೆ ಇದ್ದದ್ದು ಅರಮನೆಯ ತೆಂಗಿನ ತೋಟ. ಸಂಜೆಗೆ ತೋಟವಿರಲಿಲ್ಲ. ಏರಿಯ ಹಿಂಬದಿಯ ಧಾರೆ ತೆಳುವಾಯಿತು, ಕೆಂಪು ತಿಳಿಯಾಯಿತು, ಕೊನೆಗೆ ನಿಂತಿತು. ಕೆಳಗಿನ ಕೇರಿಯಲ್ಲಿ ಕೂಸು ಅಳುವುದು ಏರಿಯ ಮೇಲಿನವರಿಗೆ ಕೇಳಿಸಿತು. ತುಂಗಜ್ಜಿ ಹೊತ್ತ ಪುಟ್ಟಿಯನ್ನು ಇಳಿಸದೆ, ಅಲ್ಲೇ ಕೆಸರಿನಲ್ಲಿ ಕೂತಳು.

ಮಳೆ ನಿಂತ ಮೇಲೆ ನರಹರಿ ಇನ್ನೊಂದು ಸಲಹೆ ತಂದ. "ಏಡಿಗೂ ಹಾಗೇ ಒಂದು ಬಹುಮಾನ ಇಡೋಣ ತಾಯಿ. ಬುಟ್ಟಿಗಿಷ್ಟು ರಾಗಿ ಅಂತ."

"ಬೇಡ ನರಹರಿ," ಎಂದಳು ನಾಗತಿ. "ಏಡಿಯನ್ನ ತಿನ್ನೋದು ಏನು ಅಂತ ಈಗ ತಿಳೀತು. ಏಡಿ ಏನನ್ನ ತಿಂದು ನಮ್ಮನ್ನ ಕಾಯ್ತಿದೆ ಅಂತ ನಿನಗೂ ತಿಳಿಯದು, ನನಗೂ ತಿಳಿಯದು."

ಅವಳು ಹೊರಡಿಸಿದ ಕೊನೆಯ ಅಪ್ಪಣೆ ಚಿಕ್ಕದು. ಏರಿ ತುಳಿತದಿಂದ ಇನ್ನು ಯಾವ ಮನೆಗೂ ಬಿಡುಗಡೆಯಿಲ್ಲ, ಅರಮನೆಗೂ ಇಲ್ಲ. ಮುರಿದ ಕೋಡಿಯನ್ನು ನೀರುನಾಯಿ ಮತ್ತೆ ಬಂದು ಹತ್ತುವವರೆಗೆ ಯಾರೂ ಎತ್ತರಿಸಕೂಡದು. ಎಲ್ಲಪ್ಪನಿಂದ ಕಲ್ಲಿನ ನೀರುನಾಯಿಯೊಂದನ್ನು ಕಡೆಸಿ, ನೀರಿನ ಕಡೆಗೆ ಮುಖ ಮಾಡಿಸಿ ಕೋಡಿಯ ಪಕ್ಕದಲ್ಲಿ ಕೂರಿಸಿದಳು. ಸಾಯುವವರೆಗೂ ಪ್ರತಿ ವರ್ಷ ಮೊದಲ ಪುಟ್ಟಿ ಮಣ್ಣು ಅವಳದೇ ಆಗಿತ್ತು ಎನ್ನುತ್ತಾರೆ. ಮೇಲಿನ ಬಯಲು ಬೆದ್ದಲಾಯಿತು. ಅದನ್ನು ನಂಬಿದ್ದ ಕೆಲವು ಮನೆಗಳು ಸೀಮೆ ಬಿಟ್ಟು ಹೋದವು. ಹೋಗುವಾಗ ಅವರು ನಾಗತಿಯನ್ನು ಹರಸಲಿಲ್ಲ. ಅದನ್ನೂ ಇಲ್ಲಿ ಸೇರಿಸದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ದಾರಿಯಲ್ಲಿ ಸಿಕ್ಕವರು ಯಾವ ಊರೆಂದು ಕೇಳಿದರೆ, ಅವರು ಊರಿನ ಹಳೆಯ ಹೆಸರನ್ನು ಹೇಳದೆ "ಕೋಡಿ ಮುರಿದ ಊರು" ಎಂದರಂತೆ. ಸಿಟ್ಟಿನಲ್ಲಿ ಇಟ್ಟ ಹೆಸರು ನಿಂತಿತು, ಮುರಿಕೋಡಿ.

ಪಾಳೆಯಪಟ್ಟು ಅಳಿದು, ಸರ್ಕಾರಗಳು ಬಂದವು. ಕೋಡಿಯನ್ನು ರಿಪೇರಿ ಮಾಡಿ ಎತ್ತರಿಸಿದರೆ ಇನ್ನಷ್ಟು ಭೂಮಿಗೆ ನೀರು ಸಿಗುತ್ತದೆಂದು ಹೇಳುವವರು ಆಗಾಗ ಬರುತ್ತಾರೆ. ಅವರ ಲೆಕ್ಕ ತಪ್ಪೇನೂ ಅಲ್ಲ. ಊರಿನವರು ಅವರನ್ನು ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಕೋಡಿಗೆ ಕರೆದೊಯ್ಯುತ್ತಾರೆ. ಕಲ್ಲಿನ ಪ್ರಾಣಿಯನ್ನು ಮುಂಗುಸಿಯೆಂದು ಭಾವಿಸಿ ಫೋಟೋ ತೆಗೆಯುವವರೇ ಹೆಚ್ಚು. ಮುಟ್ಟಿ ಮುಟ್ಟಿ ಅದರ ಬೆನ್ನು ನುಣುಪಾಗಿದೆ, ಮುಖ ಸವೆದಿದೆ. ಬಾಲವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ಅದು ಎಲ್ಲಪ್ಪ ಕಡೆದಂತೆಯೇ ಒರಟಾಗಿ, ಪೂರ್ತಿಯಾಗಿ ಉಳಿದಿದೆ. ಮುಂಗಾರಿಗೆ ಮುಂಚೆ ಬಂದವರಿಗೆ ಏರಿಯುದ್ದಕ್ಕೂ ಜನ ಹೆಗಲಿಗೆ ಹೆಗಲು ತಾಗಿಸಿ ಮಣ್ಣು ತುಳಿಯುವುದು ಕಾಣುತ್ತದೆ. ತುಳಿತ ಮುಗಿದ ಮೇಲೆ ಕೆಸರುಗಾಲಿನಲ್ಲೇ ಎಲ್ಲರೂ ಕೋಡಿಗೆ ಹೋಗುತ್ತಾರೆ. ಅವರಲ್ಲಿ ಹಿರಿಯಳಾದ ಹೆಂಗಸು ಬಗ್ಗಿ, ಬಿಳಿಯ ಕಲ್ಲಿನ ಮೇಲೆ ಕೆಂಪು ಚೂರುಗಳೇನಾದರೂ ಇವೆಯೇ ಎಂದು ಅಂಗೈಯಿಂದ ಸವರಿ ನೋಡುತ್ತಾಳೆ. ಉಳಿದವರು ಕಾಯುತ್ತಾರೆ. ಅವಳು ಎದ್ದು, ಬರಿಯ ಅಂಗೈಯನ್ನು ಅವರಿಗೆ ತೋರಿಸುತ್ತಾಳೆ. ಆಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ.