ಮಾವನ ಹೆಸರಿನ ಮಗ

"ಗುರುಗಳೇ, ನಮ್ಮ ಮನೆಯ ಕೂಸಿಗೆ ಯಾವ ಹೆಸರು ಇಡಬೇಕು?"

ಶಿಷ್ಯ ಇದನ್ನು ಕೇಳಿದ್ದು ಮಠದ ಮೆಟ್ಟಿಲು ಹತ್ತುತ್ತಲೇ. ಕಾಲು ತೊಳೆದಿರಲಿಲ್ಲ. ನಮಸ್ಕಾರ ಮಾಡುವುದನ್ನೂ ಮರೆತಿದ್ದ. ಅವನ ಅಣ್ಣನಿಗೆ ಗಂಡು ಮಗು ಹುಟ್ಟಿತ್ತು. ಬಹಳ ವರ್ಷಗಳ ಮೇಲೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುವ ಯೋಗ ಕೂಡಿ ಬಂದಿತ್ತು. ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಹೊಸ ಕಾಲದ ಹೆಸರು ಬೇಡವೇ ಬೇಡ, ಮನೆತನದ ಹೆಸರೇ ಆಗಬೇಕು ಎಂದು ಎಲ್ಲರೂ ಒಪ್ಪಿದ್ದೇವೆ. ತೀರಿಕೊಂಡ ಅಪ್ಪನ ಹೆಸರು ಇಡೋಣ ಅನ್ನುತ್ತೇನೆ ನಾನು. ಅಣ್ಣ ಅಜ್ಜನ ಹೆಸರು ಅನ್ನುತ್ತಾನೆ. ದೊಡ್ಡಪ್ಪನ ಹೆಸರು ಉಳಿಯಲಿ ಎಂದು ಅವ್ವನ ಹಟ. ನೀವು ಯಾವುದು ಹೇಳಿದರೆ ಅದೇ ಕೊನೆ. ಬೇಗ ಹೇಳಿ!"

ಗುರು ನಕ್ಕರು. "ಮೊದಲು ಕೂತುಕೋ. ಮಗು ಎಲ್ಲಿಗೂ ಓಡಿಹೋಗುವುದಿಲ್ಲ, ಅದಕ್ಕಿನ್ನೂ ಕಾಲು ಬಲಿತಿಲ್ಲ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಹೆಸರು ಮುರಿಗೆಪ್ಪ. ಸಂತೆಯಲ್ಲಿ ಆ ಹೆಸರಿಗೆ ಒಂದು ತೂಕವಿತ್ತು. ಅದು ಅವನಿಗೂ ಗೊತ್ತಿತ್ತು, ತುಸು ಹೆಚ್ಚಾಗಿಯೇ ಗೊತ್ತಿತ್ತು.

ಸೊಸೆಯ ಹೊಟ್ಟೆಯಲ್ಲಿ ಅವನಿಗೆ ಮೊಮ್ಮಗ ಹುಟ್ಟಿದ. ಮುದುಕ ಹಿಗ್ಗಿ ಹೀರೇಕಾಯಿಯಾದ. ದಾರಿಯಲ್ಲಿ ಕಂಡವರ ಕೈಗೆಲ್ಲ ಬೆಲ್ಲದ ಚೂರು ಇಟ್ಟ. ಕೂಸಿಗೆ ತನ್ನ ಹೆಸರನ್ನೇ ಇಡಬೇಕು ಎಂದು ಸಾರಿದ. ಬದುಕಿರುವವರ ಹೆಸರು ಇಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ನೆಂಟರು ಹೇಳಿ ನೋಡಿದರು. "ಸತ್ತ ಮ್ಯಾಲೆ ಇಟ್ರ ನನಗ ಕೇಳಸ್ತೈತೇನು?" ಎಂದ. ಕೊನೆಗೆ ಅವನ ಮಾತೇ ನಡೆಯಿತು.

ಹೆಸರಿಡುವ ದಿನ ಮನೆ ತುಂಬ ಜನ. ಸೋದರತ್ತೆ ತೊಟ್ಟಿಲಿಗೆ ಬಾಗಿದಳು. ಕೂಸಿನ ಕಿವಿಗೆ ಬಾಯಿಟ್ಟು "ಕುರ್ರ್... ಮುರಿಗೆಪ್ಪ" ಎಂದಳು. ಪದ್ಧತಿಯ ಪ್ರಕಾರ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಒಬ್ಬಿಬ್ಬರು ಹಳೆಯ ಸಿಟ್ಟನ್ನೂ ಸೇರಿಸಿ ಗುದ್ದಿರಬೇಕು, ಅವಳು ಅಯ್ಯೋ ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುದುಕ ಬಾಗಿಲಲ್ಲಿ ನಿಂತು ತನ್ನ ಹೆಸರನ್ನು ಕೇಳಿ ಕಣ್ಣೊರೆಸಿಕೊಂಡ.

ಆ ಸಂಭ್ರಮದಲ್ಲಿ ಒಂದು ಸಂಗತಿ ಯಾರಿಗೂ ನೆನಪಾಗಲಿಲ್ಲ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಯಾರಾದರೂ ಕೇಳಿದರೆ ಅವಳು "ಬೆಲ್ಲದಂಗಡಿಯವರು" ಎಂದು ಹೇಳಿ ತಲೆ ತಗ್ಗಿಸುತ್ತಿದ್ದಳು. ಈಗ ಅದೇ ಹೆಸರು ಅವಳ ಮಗನದು. ಅವಳಿಗೆ ಮಾತ್ರ ಇದು ಹೊಳೆದಿತ್ತು. ಹೇಳಿದರೆ ಎಲ್ಲರ ಖುಷಿ ಕೆಡುತ್ತದೆಂದು ಸುಮ್ಮನಾದಳು.

ಅಲ್ಲಿಂದಾಚೆ ಮನೆಯವರೆಲ್ಲ ಕೂಸನ್ನು ಹೆಸರು ಹಿಡಿದು ಕರೆದರು. ಓಣಿಯವರು ಕರೆದರು. ಬೆಲ್ಲ ಕೊಳ್ಳಲು ಬಂದವರೂ ಕರೆದು ಗಲ್ಲ ಹಿಂಡಿದರು. ತಾಯಿ ಮಾತ್ರ ಕೂಸೇ, ಮಗಾ, ನನ್ನ ಅಪ್ಪಾ ಎಂದು ಕರೆದಳು. ಎದೆಹಾಲು ಕುಡಿಸಿದವಳು ಅವಳು. ಹೆಸರು ಮಾತ್ರ ಅವಳ ನಾಲಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಅವಳಿಗೆ ಅದು ಬಹಳ ನೋವಿನ ಸಂಗತಿಯಾಗಿತ್ತು.

ಮಗು ಓಡಾಡುವ ವಯಸ್ಸಿಗೆ ಬಂತು. ಒಂದು ಸಂತೆಯ ದಿನ ತಾಯಿ ಅದನ್ನು ಕರೆದುಕೊಂಡು ಮಾವನ ಅಂಗಡಿಗೆ ಬುತ್ತಿ ತಂದಳು. ಮಗು ಕೈ ಬಿಡಿಸಿಕೊಂಡಿತು. ಗಾಡಿಯಿಂದ ಉದುರಿದ ಬೆಲ್ಲದ ಚೂರು ಆಯುತ್ತ ದಾರಿಯ ನಡುವೆ ಹೋಗಿ ಕುಳಿತಿತು.

ಆಗಲೇ ಮೇಲಿನ ಓಣಿಯಿಂದ ಕೂಗು ಎದ್ದಿತು. ಎತ್ತುಗಳು ಬೆದರಿ, ಗಾಡಿಯನ್ನು ಎಳೆದುಕೊಂಡು ಇಳಿಜಾರಿನಲ್ಲಿ ನುಗ್ಗಿ ಬರುತ್ತಿದ್ದವು. ಜನ ಎರಡೂ ಬದಿಗೆ ಚದುರಿದರು. ತಾಯಿಗೂ ಮಗುವಿಗೂ ನಡುವೆ ಬೆಲ್ಲದ ಪೆಂಟೆಗಳ, ಆ ದೊಡ್ಡ ಗಟ್ಟಿಗಳ ರಾಶಿ, ಅದರಾಚೆ ಜನರ ನೂಕುನುಗ್ಗಲು. ದಾಟಲು ಆಗಲಿಲ್ಲ.

"ಮಗಾ! ಏ ಮಗಾ!" ಎಂದು ಕೂಗಿದಳು.

ಸಂತೆಯಲ್ಲಿದ್ದ ಎಷ್ಟೋ ಮಕ್ಕಳು ತಿರುಗಿ ನೋಡಿದವು. ಅವಳ ಮಗ ತಿರುಗಲಿಲ್ಲ. ಅಂಥ ಕೂಗು ಅಲ್ಲಿ ಎಲ್ಲ ಕಡೆಯಿಂದಲೂ ಬರುತ್ತಿತ್ತು, ಅವನ ಕೈಯಲ್ಲಿ ಬೆಲ್ಲವೂ ಇತ್ತು.

ಗಾಡಿ ಹತ್ತಿರವಾಯಿತು. ಅವಳು ಎದೆ ಒಡೆಯುವ ಹಾಗೆ ಕೂಗಿದಳು.

"ಲೇ ಮುರಿಗ್ಯಾ! ಓಡಿ ಬಾರಲೇ ಈ ಕಡೆ!"

ಮಗು ತಟ್ಟನೆ ತಲೆಯೆತ್ತಿತು. ಹೆಸರು ತನ್ನದು, ದನಿ ಅವ್ವನದು. ಎಂದೂ ಕೂಡಿ ಕೇಳದ ಆ ಎರಡೂ ಒಟ್ಟಿಗೆ ಕೇಳಿದ್ದೇ ತಡ, ಬೆಲ್ಲ ಬಿಸಾಡಿ ಓಡಿ ಬಂದಿತು. ಅದು ಕುಳಿತಿದ್ದ ಜಾಗದ ಮೇಲೆ ಗಾಡಿ ಹಾದುಹೋಯಿತು.

ಗಾಡಿಯ ಮಾತು ಯಾರೂ ಆಡಲಿಲ್ಲ. ಸೊಸೆಯೊಬ್ಬಳು ಮಾವನ ಅಂಗಡಿಯ ಎದುರಿಗೇ ಮಾವನ ಹೆಸರನ್ನು ಲೇ ಎಂದು ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಒಳಗೆ ಗಿರಾಕಿಗಳ ನಡುವೆ ಕುಳಿತಿದ್ದ ಮುದುಕನೂ ಕೇಳಿದ್ದ. ಕೆಂಪಗಾಗಿ ಹೊರಗೆ ಬಂದ. "ಯಾರವರು?" ಎಂದ. ಸೊಸೆ ಸೆರಗು ತಲೆಗೆಳೆದುಕೊಂಡು ಮಗುವನ್ನು ಅವಚಿಕೊಂಡು ನಿಂತಿದ್ದಳು.

"ನಾನ್ರೀ ಮಾವ. ತಪ್ಪಾತ್ರಿ."

ಮುದುಕ ಅವಳನ್ನು ನೋಡಿದ. ಮಗುವನ್ನು ನೋಡಿದ. ದೂರದಲ್ಲಿ ಮಗುಚಿ ಬಿದ್ದ ಗಾಡಿಯನ್ನು ನೋಡಿದ. ಪೆಂಟೆಯ ಮೇಲೆ ಕುಸಿದು ಕುಳಿತ.

"ಇನ್ನೊಮ್ಮೆ ಕೂಗವ್ವಾ" ಎಂದ. "ಊರ ಮಂದಿ ಎಲ್ಲಾ ಕರದ್ರು. ಹಡದಾಕಿ ಕರದದ್ದು ನಾ ಇವತ್ತ ಕೇಳಿದೆ."

ಅವಳು ತಡವರಿಸುತ್ತ ಕರೆದಳು. ಮಗು ಚಪ್ಪಾಳೆ ತಟ್ಟಿತು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಹಟ ಹಿಡಿಯಿತು. ಅವಳು ಅಳುತ್ತಲೂ ನಗುತ್ತಲೂ ಕರೆಯುತ್ತಲೇ ಇದ್ದಳು.

ಕತೆ ಮುಗಿಯುವಷ್ಟರಲ್ಲಿ ಶಿಷ್ಯ ಎದ್ದು ನಿಂತಿದ್ದ. ಅವನ ಮುಖ ಅರಳಿತ್ತು.

"ಎಂಥ ಕತೆ ಗುರುಗಳೇ! ಹಾಗಾದರೆ ಹಿರಿಯರ ಹೆಸರೇ ಮಗುವನ್ನು ಕಾಯಿತು. ನಮ್ಮ ಅಪ್ಪನ ಹೆಸರನ್ನೇ ಇಡುತ್ತೇವೆ. ಈಗಲೇ ಹೋಗಿ ಹೇಳುತ್ತೇನೆ!"

ಅವನು ಮೆಟ್ಟಿಲು ಇಳಿದ. ಗುರು ಅವನನ್ನು ಹಿಂದಕ್ಕೆ ಕರೆದು ಕೇಳಿದರು:

"ಎತ್ತು ಬೆದರಿ ಗಾಡಿ ನುಗ್ಗುವ ತನಕ ನಿನ್ನ ಅತ್ತಿಗೆ ಮಾವನ ಹೆಸರಿನ ಆ ಮಗುವನ್ನು ಏನೆಂದು ಕರೆಯಬೇಕು?"