ಬೆಂಕಿಬೆಟ್ಟದ ಹಗುರ ಮಣ್ಣು

"ಗುರುಗಳೇ, ಎಷ್ಟು ಕೊಟ್ಟರೂ ಏನೂ ಹೊರಗೆ ಬಾರದ ಮನುಷ್ಯನನ್ನು ಯಾವಾಗ ಬಿಟ್ಟುಬಿಡಬೇಕು?"

ಹೀಗೆ ಕೇಳಿದವನು ಮುರಿಗೆಪ್ಪ. ಗುರುಗಳ ಹಳೆಯ ಶಿಷ್ಯ. ಈಗ ಪಕ್ಕದ ಊರಿನಲ್ಲಿ ದೊಡ್ಡವರಿಗೆ ಓದುಬರಹ ಕಲಿಸುತ್ತಿದ್ದ. ಅವನ ಬಳಿ ಬರುವವರಲ್ಲಿ ಬೀರಣ್ಣನೆಂಬ ನಲವತ್ತು ವರ್ಷದ ಕುರಿಗಾಹಿಯೊಬ್ಬನಿದ್ದ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿದವನಲ್ಲ. ಹೇಳಿದ್ದನ್ನೆಲ್ಲ ಕಣ್ಣು ಕದಲಿಸದೆ ಕೇಳುತ್ತಿದ್ದ. ಆದರೆ ಇನ್ನೂ ತನ್ನ ಹೆಸರು ಬರೆಯಲು ಬಾರದು. ಒಂದು ಪ್ರಶ್ನೆಗೂ ಬಾಯಿ ಬಿಡುತ್ತಿರಲಿಲ್ಲ. ನಾಳೆ ಅವನಿಗೆ ಎಲ್ಲರೆದುರು "ಇನ್ನು ಬರಬೇಡ" ಎಂದು ಹೇಳಿಬಿಡಬೇಕೆಂದು ಮುರಿಗೆಪ್ಪ ನಿಶ್ಚಯಿಸಿದ್ದ. ಗುರುಗಳು ಹೂಂ ಎಂದರೆ ಸಾಕಿತ್ತು.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕೈ ನಿಲ್ಲಿಸಿದರು. ಅವರ ಮುಖ ಇದ್ದಕ್ಕಿದ್ದಂತೆ ಅರಳಿತು.

"ಕೂತುಕೋ ಮುರಿಗೆಪ್ಪ. ಒಂದು ಮಣ್ಣಿನ ಕತೆ ಹೇಳುತ್ತೇನೆ" ಎಂದರು.

ಕಡಲಾಚೆ ಒಂದು ದ್ವೀಪ. ಅಲ್ಲೊಂದು ಬೆಟ್ಟ. ಹಿಂದೆ ಯಾವಾಗಲೋ ಅದು ಬೆಂಕಿ ಉಗುಳಿತ್ತು. ಆಗ ಹಾರಿದ ಬೂದಿ ಬೆಟ್ಟದ ಮೈಮೇಲೆಲ್ಲ ಬಿದ್ದು, ನೂರಾರು ವರ್ಷ ಮಳೆ ತಿಂದು, ಹುಲ್ಲು ಕೊಳೆತು, ಮಣ್ಣಾಗಿತ್ತು. ಆ ಬೆಟ್ಟಕ್ಕೆ ಕೆಳಗಿನ ಬಯಲಿನಿಂದ ಒಬ್ಬ ರೈತ ತನ್ನ ಹೆಂಡತಿಯೊಡನೆ ಬಂದ. ಬಯಲಿನಲ್ಲಿ ಅವನ ಹೊಲವನ್ನು ನದಿ ಕೊಚ್ಚಿಕೊಂಡು ಹೋಗಿತ್ತು. ಅವನಿಗೆ ಬೇರೆ ನೆಲವಿರಲಿಲ್ಲ.

ಮೊದಲ ದಿನ ಅವನು ಗುದ್ದಲಿ ಎತ್ತಿ ನೆಲಕ್ಕೆ ಹಾಕಿದ. ಗುದ್ದಲಿ ಹಿಡಿಯವರೆಗೂ ಇಳಿದುಹೋಯಿತು. ಬಗ್ಗಿ ಕೈ ಹಾಕಿದ. ಮೊಣಕೈವರೆಗೆ ಹೋಯಿತು, ಒಂದು ಕಲ್ಲೂ ತಾಗಲಿಲ್ಲ. ಮಣ್ಣು ಕಾಡಿಗೆಯ ಹಾಗೆ ಕಪ್ಪಗಿತ್ತು. ಹಿಟ್ಟಿನ ಹಾಗೆ ಹಗುರವಾಗಿತ್ತು. ಬುಟ್ಟಿಯ ತುಂಬ ತುಂಬಿದ. ಬಯಲಿನಲ್ಲಿ ಅಂಥ ಬುಟ್ಟಿಯನ್ನು ತಲೆಗೆ ಹೊರಿಸಲು ಇನ್ನೊಬ್ಬರು ಬೇಕಾಗುತ್ತಿತ್ತು. ಇಲ್ಲಿ ಅವನ ಹೆಂಡತಿ ಒಂದೇ ಕೈಯಲ್ಲಿ ಎತ್ತಿ ನಕ್ಕಳು.

"ನಮ್ಮ ಅದೃಷ್ಟ ನೋಡೇ! ಇಂಥ ಮಣ್ಣನ್ನು ನಮ್ಮಪ್ಪ ಕನಸಿನಲ್ಲೂ ಕಂಡಿರಲಿಲ್ಲ!" ಎಂದು ಅವನು ಕೂಗಿದ. ಇಬ್ಬರೂ ಆ ದಿನ ಊಟವನ್ನೂ ಮರೆತು ಅಗೆದರು. ನವಣೆ ಬಿತ್ತಿದರು.

ಪೈರು ಬಂತು. ಗೇಣುದ್ದ ಬೆಳೆದು ಅಲ್ಲೇ ನಿಂತಿತು. ಎಲೆಗಳು ನೇರಳೆ ಬಣ್ಣಕ್ಕೆ ತಿರುಗಿದವು. ತೆನೆ ಬರಲಿಲ್ಲ. ಆ ವರ್ಷ ಅವರು ಕಾಡಿನ ಗೆಣಸು ತಿಂದು ಬದುಕಿದರು.

ಎರಡನೆಯ ವರ್ಷ ಅವನು ಸುಮ್ಮನಿರಲಿಲ್ಲ. ಬಯಲಿಗೆ ಇಳಿದು ಹೋಗಿ ಎಲುಬುಗಳನ್ನು ಆರಿಸಿ ತಂದ. ಸುಟ್ಟು, ಕುಟ್ಟಿ, ಪುಡಿ ಮಾಡಿ ಹೊಲದ ತುಂಬ ಎರಚಿದ. ಹದಿನಾರು ಸಲ ಬೆಟ್ಟ ಹತ್ತಿ ಇಳಿದ. ಹೆಗಲ ಚರ್ಮ ಸುಲಿದುಹೋಯಿತು. ಪೈರು ಮತ್ತೆ ಗೇಣುದ್ದಕ್ಕೇ ನಿಂತಿತು. ಹಾಕಿದ್ದನ್ನೆಲ್ಲ ಮಣ್ಣು ತನ್ನೊಳಗೇ ಬಿಗಿಹಿಡಿದುಕೊಂಡಿತ್ತು. ಗಿಡಕ್ಕೆ ಒಂದು ಚಿಟಿಕೆಯನ್ನೂ ಬಿಟ್ಟುಕೊಟ್ಟಿರಲಿಲ್ಲ.

ರೈತನಿಗೆ ಸಿಟ್ಟು ನೆತ್ತಿಗೇರಿತು. "ಇದು ಮಣ್ಣಲ್ಲ, ಕಳ್ಳ" ಎಂದ.

ಅದೇ ವಾರ ಅವನ ಹೆಂಡತಿ ಹೊಲದ ಮೂಲೆಯಲ್ಲಿ ಒಂದು ವಿಚಿತ್ರ ಕಂಡಳು. ಇಡೀ ಹೊಲ ಕುಗ್ಗಿ ನಿಂತಿರುವಾಗ ಅಲ್ಲಿ ನವಣೆಯ ಒಂದೇ ಒಂದು ಬುಡ ಎದೆಯೆತ್ತರ ಬೆಳೆದಿತ್ತು. ತೆನೆ ಬಾಗಿತ್ತು. ಅವಳು ಮಂಡಿಯೂರಿ ಬುಡ ಕೆದಕಿದಳು. ಬೇರು ಒಂದು ಎಲುಬನ್ನು ಸುತ್ತಿಕೊಂಡು ಕೂತಿತ್ತು. ಅವರ ನಾಯಿ ಹೂತಿಟ್ಟು ಮರೆತಿದ್ದ ಎಲುಬು ಅದು.

ಅವಳು ಎದ್ದು ಓಡಿದಳು. ಸೆರಗು ಮುಳ್ಳಿಗೆ ಸಿಕ್ಕಿ ಹರಿದರೂ ನಿಲ್ಲಲಿಲ್ಲ.

"ಬನ್ನಿ, ಬೇಗ ಬನ್ನಿ! ಈ ಮಣ್ಣಿಗೆ ಕೊಡುವ ಬಗೆ ನಮಗೆ ತಿಳಿದಿರಲಿಲ್ಲ. ಎರಚಿದರೆ ನುಂಗುತ್ತದೆ. ಬೇರಿನ ಬಾಯಿಗೇ ಇಟ್ಟರೆ ಗಿಡಕ್ಕೆ ಸೇರುತ್ತದೆ!"

ರೈತ ಕುಳಿತಲ್ಲಿಂದ ಏಳಲಿಲ್ಲ. "ಎರಡು ವರ್ಷ ಇದರ ಕಾಲು ಹಿಡಿದದ್ದಾಯಿತು. ಹುಲ್ಲು ಕಿತ್ತು, ಮೂರು ಸಲ ಉತ್ತು, ಬೇಸಿಗೆ ಪೂರ್ತಿ ಬಿಸಿಲಿಗೆ ಒಡ್ಡುತ್ತೇನೆ. ಆಗ ದಾರಿಗೆ ಬರುತ್ತದೆ. ನಮ್ಮ ಬಯಲಿನಲ್ಲಿ ಹಾಗೇ ಮಾಡುವುದು" ಎಂದ.

"ಹಾಗಾದರೆ ಕೆಳಗಿನ ಅರ್ಧ ನನಗೆ ಬಿಡಿ" ಎಂದಳು ಅವಳು. ಅವನು ಬಿಟ್ಟ.

ಮೇಲಿನ ಅರ್ಧವನ್ನು ರೈತ ತಾನು ಹೇಳಿದಂತೆಯೇ ಮಾಡಿದ. ಮೂರು ತಿಂಗಳು ಅದು ಬೆತ್ತಲೆ ಬಿಸಿಲಿನಲ್ಲಿ ಬಿದ್ದಿತ್ತು. ಕಪ್ಪು ಹೋಗಿ ಬೂದುಬಣ್ಣವಾಯಿತು. ಆಮೇಲೆ ಅದರಲ್ಲಿ ಎಂದಿನಂತೆ ನವಣೆ ಬಿತ್ತಿದ. ಕೆಳಗಿನ ಅರ್ಧವನ್ನು ಅವನ ಹೆಂಡತಿ ಹುಲ್ಲು ಹೊದಿಸಿ ಮುಚ್ಚಿಟ್ಟಳು. ಬಿತ್ತನೆಯ ಹೊತ್ತಿಗೆ ಹುಲ್ಲು ಸರಿಸಿ, ಕೋಲಿನಿಂದ ಒಂದೊಂದೇ ಗುಳಿ ಮಾಡಿ, ಗುಳಿಗೆ ಒಂದು ಚಿಟಿಕೆ ಎಲುಬಿನ ಪುಡಿ, ಅದರ ಮೇಲೆ ತೆಳ್ಳಗೆ ಮಣ್ಣು, ಅದರ ಮೇಲೆ ನಾಲ್ಕು ಕಾಳು ಹಾಕಿ, ಗುಳಿಗಳ ಸುತ್ತ ಮತ್ತೆ ಹುಲ್ಲು ಹೊದಿಸಿದಳು. ಸೊಂಟ ಬಿದ್ದುಹೋಗುವಂಥ ಕೆಲಸ. ಹನ್ನೆರಡು ದಿನ ಹಿಡಿಯಿತು. ರೈತ ಮೇಲಿನಿಂದ ನೋಡುತ್ತಿದ್ದ. "ಹೊಲಕ್ಕೆ ತುತ್ತು ಮಾಡಿ ಉಣಿಸುತ್ತಿದ್ದೀಯಾ?" ಎಂದು ಗೇಲಿ ಮಾಡಿದ. ಅವಳು ತಲೆ ಎತ್ತಲಿಲ್ಲ.

ಅವಳ ಪೈರು ಮೊಳಕಾಲುದ್ದ ಬಂದಾಗ ಒಂದು ಮಧ್ಯಾಹ್ನ ಮೋಡ ಒಡೆಯಿತು. ಎಂಥ ಮಳೆ! ಆಕಾಶವೇ ಸುರಿದಂತೆ. ರೈತ ಸಂತೋಷದಿಂದ ತನ್ನ ಹೊಲಕ್ಕೆ ಓಡಿದ. ಅಲ್ಲಿ ಹೋಗಿ ನೋಡಿದರೆ, ನೀರು ಮಣ್ಣಿನೊಳಗೆ ಇಳಿಯುತ್ತಿಲ್ಲ. ಕಾದ ಎಣ್ಣೆಬಾಣಲೆಯ ಮೇಲೆ ಬಿದ್ದ ಹನಿಗಳ ಹಾಗೆ ಮೇಲೆಯೇ ಉರುಳುತ್ತಿದೆ. ಅವನು ಒಂದು ಹಿಡಿ ಎತ್ತಿಕೊಂಡ. ಸುರಿಯುವ ಮಳೆಯಲ್ಲೂ ಮಣ್ಣು ಒಣಗಿತ್ತು. ಮರಳಿನ ಹಾಗೆ ಬೆರಳ ಸಂದಿಯಿಂದ ಜಾರಿತು.

ಇಳಿಯಲಾರದ ನೀರು ಹರಿಯತೊಡಗಿತು. ಎಳೆಗಳು ಸೇರಿ ಹಳ್ಳವಾಯಿತು. ಹಳ್ಳ ಅವನ ಪೈರನ್ನು ಬೇರುಸಹಿತ ಕಿತ್ತುಕೊಂಡು ಕೆಳಕ್ಕೆ ನುಗ್ಗಿತು. ಕೆಳಗೆ ಅವಳ ಹೊಲ. ಬಯಲಿನ ನದಿ ತಂದ ಹಾಳು ರೈತನ ಕಣ್ಣಮುಂದೆ ಬಂತು.

"ಏ, ಸರಿದುಕೋ! ನೀರು ಬಂತು! ನಿನ್ನ ಹೊಲವೂ ಹೋಯಿತು!" ಎಂದು ಕೂಗುತ್ತ ಗುದ್ದಲಿ ಹಿಡಿದು ಓಡಿದ. ಜಾರಿ ಬಿದ್ದ. ಎದ್ದು ಮತ್ತೆ ಓಡಿದ.

ಅವಳು ಹೊಲದ ಅಂಚಿನಲ್ಲಿ ನಿಂತಿದ್ದಳು. ನೀರು ಬಂದು ಹೊದಿಸಿದ ಹುಲ್ಲಿಗೆ ಬಡಿಯಿತು. ಒಂದು ಮಾರು ಒಳಗೆ ಬಂತು. ಎರಡು ಮಾರು ಬಂತು. ಆಮೇಲೆ ತೆಳುವಾಯಿತು. ನಾಲ್ಕನೆಯ ಮಾರಿನಲ್ಲಿ ನೀರೇ ಇಲ್ಲ! ಹಿಂದಿನಿಂದ ಇನ್ನೂ ಬರುತ್ತಿತ್ತು, ಬಂದದ್ದೆಲ್ಲ ಮಾಯವಾಗುತ್ತಿತ್ತು.

"ಕುಡಿಯುತ್ತಿದೆ!" ಅವಳು ಕುಣಿದಾಡಿಬಿಟ್ಟಳು. "ನೋಡಿ, ನೋಡಿ, ಪೂರ್ತಿ ಕುಡಿಯುತ್ತಿದೆ!"

ರೈತ ಕೆಸರಿನಲ್ಲಿ ಕೂತುಬಿಟ್ಟ. ಅತ್ತನೋ ನಕ್ಕನೋ ಅವನಿಗೇ ತಿಳಿಯಲಿಲ್ಲ.

ಆ ಮಳೆಯ ನಂತರ ಒಂದು ತಿಂಗಳು ಹನಿ ಬೀಳಲಿಲ್ಲ. ಅವಳ ಹೊಲದ ಪೈರು ಬಾಡಲಿಲ್ಲ. ಒಂದು ದಿನ ಅವಳು ಹುಲ್ಲಿನ ಕೆಳಗಿನಿಂದ ಒಂದು ಹೆಂಟೆ ತೆಗೆದು ಗಂಡನ ಕೈಗಿಟ್ಟಳು. ನೋಡಲು ಗಟ್ಟಿಯಾಗಿತ್ತು. "ಹಿಸುಕಿ" ಎಂದಳು. ಹಿಸುಕಿದ. ಹೆಂಟೆ ಬೆಣ್ಣೆಯಾಯಿತು. ಬೆರಳುಗಳ ನಡುವಿನಿಂದ ನೀರು ತೊಟ್ಟಿಕ್ಕಿತು. ತಿಂಗಳ ಹಿಂದಿನ ಮಳೆ! ಅವನು ಇನ್ನೊಂದು ಹೆಂಟೆ ತೆಗೆದು ಹಿಸುಕಿದ. ಮತ್ತೊಂದು. ನಂಬಲಾರದೆ ಹಿಸುಕುತ್ತಲೇ ಇದ್ದ.

ಸುಗ್ಗಿಗೆ ಅವಳ ಅರ್ಧ ಹೊಲದಿಂದ ಇಪ್ಪತ್ತು ಮೂಟೆ ನವಣೆ ಬಂತು. ಮೂರು ವರ್ಷದ ನಂತರ ಆ ಮನೆಯಲ್ಲಿ ಅನ್ನ ಬೆಂದಿತು. ಆ ವಾಸನೆಗೆ ಇಬ್ಬರೂ ಒಲೆಯ ಮುಂದಿನಿಂದ ಕದಲಲಿಲ್ಲ.

ರೈತ ಬೆಟ್ಟದ ನೆತ್ತಿಯಲ್ಲಿದ್ದ ಒಬ್ಬ ಮುದುಕನ ಬಳಿ ಹೋಗಿ ತನ್ನ ಅರ್ಧದ ಮಣ್ಣನ್ನು ತೋರಿಸಿದ. ಮುದುಕ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅವನು ಆ ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡಿದ.

"ಈ ಮಣ್ಣಿಗೆ ತಾಳ್ಮೆ ಬಹಳ. ಆದರೆ ಒಮ್ಮೆ ಪೂರ್ತಿ ಒಣಗಿಸಿದರೆ ಮತ್ತೆ ಮೊದಲಿನಂತೆ ನೀರು ಹಿಡಿಯದು. ನೀನಿರುವ ತನಕವಂತೂ ಇಲ್ಲ" ಎಂದ.

ರೈತ ಮರಳಿ ಬಂದ. ತನ್ನ ಅರ್ಧಕ್ಕೆ ಹುಲ್ಲು ಹೊದಿಸಿದ, ಕಾಡುಗಿಡ ನೆಟ್ಟ. ಅದರಿಂದ ಅವನಿಗೆ ಬದುಕಿರುವವರೆಗೂ ಒಂದು ತೆನೆಯೂ ಸಿಗಲಿಲ್ಲ. ಮರು ವರ್ಷದಿಂದ ಬಿತ್ತನೆಗೆ ಅವಳ ಹೊಲದಲ್ಲಿ ಅವನೂ ಮಂಡಿಯೂರಿದ. ಅವಳು ಗುಳಿ ಮಾಡಿದಳು, ಅವನು ಚಿಟಿಕೆ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಎದ್ದು ನಿಂತುಬಿಟ್ಟಿದ್ದ. ಅವನ ಮುಖಕ್ಕೆ ರಕ್ತ ನುಗ್ಗಿತ್ತು. "ತಿಳಿಯಿತು ಗುರುಗಳೇ! ನಾನು ಎರಚುತ್ತಿದ್ದೆ. ಎಲ್ಲರಿಗೂ ಒಟ್ಟಿಗೆ ಹೇಳುವುದನ್ನೇ ಅವನಿಗೂ ಹೇಳುತ್ತಿದ್ದೆ. ನಾಳೆ ಕುರಿ ಮೇಯುವಲ್ಲಿಗೇ ಹೋಗುತ್ತೇನೆ. ಅವನು ಕುರಿಗಳಿಗಿಟ್ಟ ಹೆಸರುಗಳಿಂದಲೇ ಅಕ್ಷರ ಶುರು ಮಾಡುತ್ತೇನೆ" ಎಂದ. ಮತ್ತೆ ತಡೆದು ಕೇಳಿದ: "ಆದರೆ ಅಷ್ಟೊಂದು ತಾಳ್ಮೆ ನನ್ನಿಂದ ಆದೀತೆ? ಏನೂ ಕಾಣದೆ ವರ್ಷಗಟ್ಟಲೆ ಕೊಡುತ್ತಲೇ ಇರುವವರು ನಿಜವಾಗಿ ಇದ್ದಾರೆಯೇ?"

ಗುರುಗಳು ಹುಣಸೆಹಣ್ಣನ್ನು ಮತ್ತೆ ಕೈಗೆತ್ತಿಕೊಂಡರು.

"ನಿನಗೆ ಕಲಿಸಿದ ಹನ್ನೆರಡು ವರ್ಷದಲ್ಲಿ ಈ ಕತೆಯನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ, ಗೊತ್ತೇ ಮುರಿಗೆಪ್ಪ?"